ಖಾಲಿ ಪಾರ್ಕಿನಲ್ಲಿ ಐದು ತಿಂಗಳು

ಉದ್ಘಾಟನೆಯ ದಿನ ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರಿಬ್ಬನ್ ಕತ್ತರಿಸಿದರು, ಭಾಷಣ ಮಾಡಿದರು, ಮಕ್ಕಳಿಗೆಂದು ಹಾಕಿಸಿದ್ದ ಜೋಕಾಲಿಯ ಮೇಲೆ ಗಣ್ಯರು ಒಬ್ಬೊಬ್ಬರಾಗಿ ಕುಳಿತು ಫೋಟೊ ತೆಗೆಸಿಕೊಂಡರು. ಬೂಂದಿ ಪೊಟ್ಟಣ ಮುಗಿದ ಕೂಡಲೇ ಜನವೂ ಮುಗಿಯಿತು. ಮರುದಿನ ಮತ್ತು ಅದರ ಮರುದಿನ ನನಗೆ ಚಿಕ್ಕೋಡಿಯಲ್ಲಿ ತರಬೇತಿ ಇತ್ತು. ಮೂರನೆಯ ದಿನ ಸಂಜೆ ಐದಕ್ಕೆ ಹೊಸ ಹಾಜರಿ ಪುಸ್ತಕ, ಎರಡು ಪೆನ್ನು, ಸ್ಕಿಪ್ಪಿಂಗ್ ಹಗ್ಗಗಳ ಚೀಲ ಹಿಡಿದುಕೊಂಡು ಹೋಗಿ ಗೇಟಿನ ಪಕ್ಕದ ಬೆಂಚಿನ ಮೇಲೆ ಕುಳಿತೆ. ಏಳರವರೆಗೂ ಕುಳಿತಿದ್ದೆ. ಒಂದು ನಾಯಿ ಬಂದು, ನನ್ನನ್ನು ನೋಡಿ, ಹೊರಟುಹೋಯಿತು.

ನಾನು ಆಗ ನಿಪ್ಪಾಣಿ ಮತ್ತು ಚಿಕ್ಕೋಡಿಯ ನಡುವಿನ ಒಂದು ಊರಿನ ಪಟ್ಟಣ ಪಂಚಾಯಿತಿಯಲ್ಲಿ ಗುತ್ತಿಗೆಯ ಮೇಲೆ ಸಮುದಾಯ ಸಂಘಟಕಿಯಾಗಿದ್ದೆ. ಊರಿನ ಹೆಸರು ಬೇಡ. ಹಳ್ಳಿ ಎನ್ನಲು ದೊಡ್ಡದು, ಪಟ್ಟಣ ಎಂದು ಕರೆದರೆ ಅದಕ್ಕೇ ನಾಚಿಕೆಯಾಗುವಷ್ಟು ಚಿಕ್ಕದು. ಕೆಲವೇ ವರ್ಷಗಳಲ್ಲಿ ಸುತ್ತಲಿನ ಕಬ್ಬಿನ ಹೊಲಗಳು ಬಡಾವಣೆಗಳಾಗಿದ್ದವು. ಅಂಥ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಎಕರೆಯಷ್ಟು ಜಾಗ ಬಹಳ ದಿನ ಮುಳ್ಳುಕಂಟಿ ಬೆಳೆದು ಬಿದ್ದಿತ್ತು. ಅದರ ಒಂದು ಮಗ್ಗುಲಿಗೆ ಹೊಸ ಬಂಗಲೆಗಳು, ಇನ್ನೊಂದು ಮಗ್ಗುಲಿಗೆ ಊರಿನ ಹಳೆಯ ಓಣಿ. ಅಲ್ಲಿ ಪಾರ್ಕು ಮಾಡಿ, ಸಂಜೆ ಹೊತ್ತು ಹೆಂಗಸರಿಗೂ ಮಕ್ಕಳಿಗೂ ಆಟ, ವ್ಯಾಯಾಮದ ಕಾರ್ಯಕ್ರಮ ನಡೆಸುವುದು ನನ್ನ ಕೆಲಸ.

ಆ ಜಾಗದ ಮೇಲೆ ಬೇರೆಯವರ ಕಣ್ಣೂ ಇತ್ತು. ರಸ್ತೆಗೆ ಹತ್ತಿದ ಜಾಗ, ಮಳಿಗೆ ಕಟ್ಟಿದರೆ ಒಳ್ಳೆಯದು ಎನ್ನುವವರು ಪಂಚಾಯಿತಿಯ ಕಮಿಟಿಯಲ್ಲೇ ಇದ್ದರು. ಕೊನೆಗೆ ಆರು ತಿಂಗಳು ನೋಡೋಣ, ಜನ ಬಂದರೆ ಪಾರ್ಕು, ಬಾರದಿದ್ದರೆ ಮಳಿಗೆ ಎಂದು ತೀರ್ಮಾನವಾಗಿತ್ತು. ಹಾಜರಿ ಪುಸ್ತಕವೇ ಸಾಕ್ಷಿ. ನನ್ನ ಗುತ್ತಿಗೆಯೂ ಆ ಆರು ತಿಂಗಳಿಗೇ ಜೋತುಬಿದ್ದಿತ್ತು.

ನಾನು ಮೈಮುರಿದು ಮಾಡಿದ ಪಾರ್ಕು ಅದು. ಎರೆಮಣ್ಣು; ಮೊದಲು ಮಣ್ಣಿನ ಮೇಲೇ ಮರಳು ಹಾಸಿ ನಡೆದಾಡುವ ದಾರಿಯ ಕಲ್ಲು ಜೋಡಿಸಿದೆವು. ಒಂದೇ ಮಳೆಗೆ ಮಣ್ಣು ಉಬ್ಬಿ ಕಲ್ಲುಗಳು ಹಳೆಯ ಹಲ್ಲಿನ ಹಾಗೆ ಮೇಲೆ ಕೆಳಗೆ ಆದವು. ಮತ್ತೆ ಎಲ್ಲವನ್ನೂ ಕಿತ್ತು, ಒಂದೂವರೆ ಅಡಿ ಅಗೆದು, ಗರಸು ತುಂಬಿ, ನೀರು ಹೊಡೆದು, ರೋಲರ್ ಎಳೆಸಿ, ಮತ್ತೆ ಜೋಡಿಸಿದೆವು. ಬೋರಿನ ನೀರು ಸವುಳಾಗಿದ್ದರಿಂದ ಹುಲ್ಲು ಸುಟ್ಟುಹೋಯಿತು. ಹುಲ್ಲಿನ ಆಸೆ ಬಿಟ್ಟು ಹೊಂಗೆ, ಬೇವು ಹಚ್ಚಿದೆವು. ಮೊದಲಿನಿಂದ ಅಲ್ಲಿದ್ದ ಒಂದು ದೊಡ್ಡ ಬೇವಿನ ಮರವನ್ನು ಕಡಿಯಲು ನಾನು ಬಿಡಲಿಲ್ಲ. ಬೆಂಚುಗಳನ್ನು ಒಂದಕ್ಕೊಂದು ದೂರ ದೂರ, ಅಂದವಾಗಿ ಇಡಿಸಿದೆ. ಕೊನೆಗೆ ಗೇಟಿನ ಬಳಿ ನಿಯಮಗಳ ಬೋರ್ಡು. ದಾವಣಗೆರೆಯ ಒಂದು ಪಾರ್ಕಿನ ಬೋರ್ಡನ್ನು ಫೋನಿನಲ್ಲಿ ತೆಗೆದುಕೊಂಡಿದ್ದೆ. ಅದನ್ನೇ ಸಾಲು ಬಿಡದೆ ಬರೆಸಿದೆ. ನಾನು ಆ ಕಡೆಯವಳು.

ಪಾರ್ಕು ನೋಡಿಕೊಳ್ಳಲು ಒಬ್ಬ ಮಾಲಿ ಇದ್ದ. ಅರವತ್ತರ ಹತ್ತಿರದವನು, ಕುರಿ ಕಾಯುವ ಮನೆತನದವನು. ಪ್ರತಿ ವರ್ಷ ಕೊಗನೊಳ್ಳಿ ಕಡೆಯಿಂದ ಹಿಂಡು ಹೊಡೆದುಕೊಂಡು ಬಂದು ಇದೇ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸುತ್ತಿದ್ದನಂತೆ. ಹೊಲ ಸೈಟುಗಳಾದ ಮೇಲೆ ಹಿಂಡು ಮಾರಿ ಇಲ್ಲಿ ಕೆಲಸಕ್ಕೆ ಸೇರಿದ್ದ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು, ಕೇಳದಿದ್ದರೆ ಬಾಯಿ ಬಿಡದವನು. ಇಂಥ ಮನುಷ್ಯನನ್ನು ಕೊಟ್ಟಿದ್ದಕ್ಕೆ ನಾನು ಎಷ್ಟೋ ಸಲ ದೇವರಿಗೆ ಕೈ ಮುಗಿದಿದ್ದೇನೆ. ಆಮೇಲೆ ಒಂದು ದಿನ ಅದೇ ಕಾರಣಕ್ಕೆ ತಲೆ ಚಚ್ಚಿಕೊಂಡೆ.

ದಿನಗಳು ಹೋದವು, ಯಾರೂ ಬರಲಿಲ್ಲ. ಬಂಗಲೆಗಳಿಂದ ಒಬ್ಬಿಬ್ಬರು ನಿವೃತ್ತರು ಬೆಳಿಗ್ಗೆ ಕೈ ಬೀಸಿಕೊಂಡು ಎರಡು ಸುತ್ತು ಹಾಕಿ ಹೋಗುತ್ತಿದ್ದರು. ಅವರು ನನ್ನ ಕಾರ್ಯಕ್ರಮದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸಂಜೆ ಐದರಿಂದ ಏಳರವರೆಗೆ ಪುಸ್ತಕದಲ್ಲಿ ದಿನಾಂಕ ಬರೆದು, ಕೆಳಗೆ ಒಂದು ಗೆರೆ ಎಳೆದು ಕೂರುತ್ತಿದ್ದೆ. ಯಾರಾದರೂ ರಸ್ತೆಯಿಂದ ಇಣುಕಿದರೆ ನಾನು ಸುಮ್ಮನೆ ಕುಳಿತವಳಲ್ಲ ಎಂದು ತೋರಿಸಿಕೊಳ್ಳಲು ಪುಸ್ತಕದ ಹಾಳೆ ತಿರುವುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು. ಚಾಲಕರು ಬೇಲಿಯೊಳಗೆ ಒಬ್ಬಳೇ ಕುಳಿತ ಹೆಂಗಸನ್ನು ತಿರುಗಿ ತಿರುಗಿ ನೋಡುತ್ತಿದ್ದರು.

ನನ್ನ ಕೋಣೆ ಒಂದು ಗೊಬ್ಬರದ ಅಂಗಡಿಯ ಮೇಲಿತ್ತು. ಆ ಊರಿನಲ್ಲಿ ಜನ ಒಂದು ವಾಕ್ಯವನ್ನು ಕನ್ನಡದಲ್ಲಿ ಹಿಡಿದು ಮರಾಠಿಯಲ್ಲಿ ಮುಗಿಸುತ್ತಾರೆ. ಕಚೇರಿಯಲ್ಲಿ ನಗೆಯ ಮಾತೆಲ್ಲ ಮರಾಠಿಯಲ್ಲಿ, ಕೆಲಸದ ಮಾತು ಮಾತ್ರ ನನಗಾಗಿ ಕನ್ನಡದಲ್ಲಿ. ಯಾರೂ ಕೆಟ್ಟವರಲ್ಲ. ಆದರೆ ಭಾನುವಾರ ಇಡೀ ದಿನ ಬಾಯಿ ತೆರೆಯದೆ ಕಳೆದು, ಸೋಮವಾರ ಬೆಳಿಗ್ಗೆ ಹಾಲಿನವನಿಗೆ ಅರ್ಧ ಲೀಟರ್ ಎಂದಾಗ ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿದ್ದುಂಟು. ಗಂಡನಿಂದ ಬೇರೆಯಾಗಿ ಬಂದವಳು ನಾನು, ಒಂಟಿಯಾಗಿರುವುದು ನನಗೆ ಹೊಸದೇನಲ್ಲ. ಆದರೆ ಕೋಣೆಯಲ್ಲಿ ಒಂಟಿಯಾಗಿರುವುದು ಬೇರೆ, ಜನರಿಗೆಂದು ಕಟ್ಟಿದ ಜಾಗದಲ್ಲಿ ದಿನಾ ಒಂಟಿಯಾಗಿ ಕೂರುವುದು ಬೇರೆ. ಎರಡನೆಯದು ಅವಮಾನದ ಹಾಗಿತ್ತು.

ಸುಮ್ಮನೆ ಕೂತವಳಲ್ಲ ನಾನು. ಕೇರಂ ಬೋರ್ಡು ತರಿಸಿದೆ. ನಿಪ್ಪಾಣಿಯಿಂದ ಯೋಗ ಶಿಕ್ಷಕಿಯನ್ನು ಕರೆಸಿದೆ. ಆಕೆ ನನ್ನೊಬ್ಬಳಿಗೇ ಮೂರು ಆಸನ ಹೇಳಿಕೊಟ್ಟು ಬಸ್ಸು ಹತ್ತಿದಳು. ಕನ್ನಡ, ಮರಾಠಿ ಎರಡರಲ್ಲೂ ಕರಪತ್ರ ಮಾಡಿಸಿ ಹಳೆಯ ಓಣಿಯ ಮನೆ ಮನೆಗೆ ಹೋದೆ. ಬಾಗಿಲಲ್ಲೇ ನೀರು ಕೊಟ್ಟರು, ಕರಪತ್ರವನ್ನು ಎರಡು ಕೈಯಲ್ಲಿ ತೆಗೆದುಕೊಂಡರು, "ಬರ್ತೇವ್ರಿ" ಎಂದರು. ಎಲ್ಲರೂ ಬರುತ್ತೇವೆಂದರು, ಒಬ್ಬರೂ ಬರಲಿಲ್ಲ. ನನಗೆ ಸಿಟ್ಟು ಬಂತು. ಇವರಿಗೆ ಟಿ.ವಿ. ಧಾರಾವಾಹಿಯೇ ಸಾಕು, ಒಳ್ಳೆಯದು ಬೇಕಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಐದು ತಿಂಗಳು ತುಂಬಿದಾಗ ಮುಖ್ಯಾಧಿಕಾರಿ ಕರೆದರು. ಒಳ್ಳೆಯ ಮನುಷ್ಯ. ಪುಸ್ತಕದ ಹಾಳೆಗಳನ್ನು ತಿರುವಿದರು; ಗೆರೆ, ಗೆರೆ, ಗೆರೆ.

"ಇದನ್ನ ಕಮಿಟಿ ಮುಂದ ಇಡಾಕ ಆಗ್ತೈತೇನ್ರಿ?" ಎಂದರು. "ಮುಂದಿನ ತಿಂಗಳ ಕೊನಿಗೆ ಅವರು ನೋಡಾಕ ಬರ್ತಾರ. ಮಳಿಗಿ ನಕಾಶೆ ಆಗ್ಲೇ ತಯಾರ ಐತಿ."

"ಇನ್ನೂ ಒಂದು ತಿಂಗಳಿದೆ ಸರ್" ಎಂದೆ.

"ಐದು ತಿಂಗಳದಾಗ ಆಗಲಾರದ್ದು ಒಂದು ತಿಂಗಳದಾಗ ಹೆಂಗ್ ಆಗ್ತೈತಿ?"

ಪುಸ್ತಕ ಎತ್ತಿಕೊಂಡು ಎದ್ದೆ. ಕಚೇರಿಯ ಗುಮಾಸ್ತ ಹೊರಗೆ ಸಿಕ್ಕಿ, ಆ ದಿನಕ್ಕೆ ನಾಲ್ಕು ಟೆಂಪೊ ಜನ ಕರೆಸಿ ಬಿಡೋಣ ಮೇಡಂ ಎಂದು ಉಪಾಯ ಹೇಳಿಕೊಟ್ಟ. ನನ್ನ ಪಿತ್ತ ನೆತ್ತಿಗೇರಿತು. ಅಷ್ಟು ದಿನ ಗೆರೆ ಎಳೆದವಳು ಒಂದು ದಿನ ಸುಳ್ಳು ಹೆಸರು ಬರೆಯುವುದಿಲ್ಲ ಎಂದು ಹೇಳಿ ಬಂದೆ.

ಆ ದಿನ ಪಾರ್ಕಿಗೆ ಹೋಗಲು ಮನಸ್ಸಾಗಲಿಲ್ಲ. ಗೇಟು ದಾಟಿ ಸೀದಾ ಹಳೆಯ ಓಣಿಗೆ ನಡೆದೆ. ಹಿಂದೆ ಹೋದದ್ದೆಲ್ಲ ಬೆಳಿಗ್ಗೆ, ಬಾಗಿಲು ಬಾಗಿಲಿಗೆ. ಸಂಜೆಯ ಓಣಿಯನ್ನು ಅವತ್ತೇ ಮೊದಲು ಕಂಡದ್ದು. ಗೋಡೆಯ ನೆರಳಿನ ಉದ್ದಕ್ಕೂ ಹತ್ತಿಪ್ಪತ್ತು ಹೆಂಗಸರು ಸಾಲಾಗಿ ನೆಲದ ಮೇಲೆ ಕುಳಿತಿದ್ದರು. ಪ್ರತಿಯೊಬ್ಬರ ತೊಡೆಯ ಮೇಲೂ ಒಂದು ಮೊರ, ಮೊರದಲ್ಲಿ ಬೀಡಿ ಎಲೆ, ತಂಬಾಕಿನ ಪುಡಿ, ದಾರದ ಉಂಡೆ. ಎಲೆಗೆ ಚಿಟಿಕೆ ತಂಬಾಕು ಹಾಕಿ, ಸುರುಳಿ ಸುತ್ತಿ, ತುದಿ ಮಡಿಚಿ, ದಾರ ಸುತ್ತಿ ಹರಿಯುವುದನ್ನು ಕೈಗಳು ಮಾಡುತ್ತಿದ್ದವು; ಕಣ್ಣು, ಬಾಯಿ ಬೇರೆ ಕಡೆ ಇದ್ದವು. ಮಕ್ಕಳು ಅವರ ನಡುವೆ, ಚರಂಡಿಯ ಅಂಚಿನಲ್ಲಿ ಆಡುತ್ತಿದ್ದವು. ಆ ಊರಿನ ಹಳೆಯ ಓಣಿಗಳ ಹೆಂಗಸರು ಬೀಡಿ ಕಟ್ಟುತ್ತಾರೆ ಎಂಬುದು ನನಗೆ ಗೊತ್ತಿತ್ತು. ಸಂಜೆ ಐದಕ್ಕೂ ಕಟ್ಟುತ್ತಿರುತ್ತಾರೆ, ಕಟ್ಟುತ್ತಲೇ ಇರುತ್ತಾರೆ ಎಂಬುದು ತಲೆಗೆ ಹೋಗಿರಲಿಲ್ಲ.

ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುವ ಒಬ್ಬ ಹಿರಿಯ ಹೆಂಗಸು ನನ್ನನ್ನು ಕಂಡು, ಮೇಡಂ ಎನ್ನುವ ಬದಲು ಬಾಯಾರ ಎಂದು ಕರೆದು, ಗೋಣಿತಟ್ಟು ಸರಿಸಿಕೊಟ್ಟಳು. ಕುಳಿತೆ. ಬಹಳ ಹೊತ್ತಿನ ಮೇಲೆ ಕೇಳಿದೆ, "ಮಾವಶಿ, ಪಾರ್ಕಿಗೆ ಯಾಕೆ ಯಾರೂ ಬರೋದಿಲ್ಲ? ಖರೇ ಹೇಳಿ."

ಅವಳು ಕೈ ನಿಲ್ಲಿಸಲಿಲ್ಲ. "ಬಂದಿದ್ವಲ್ರೀ ಬಾಯಾರ."

"ಯಾವಾಗ?"

"ಉದ್ಘಾಟನಾ ಆದ ಮರದಿವ್ಸ. ಮೊರ ತಗೊಂಡು ಎಂಟ್ ಹತ್ ಮಂದಿ ಬಂದಿದ್ವಿ. ಮಾಲಿ ಗೇಟಿನ್ಯಾಗ ನಿಲ್ಲಿಸಿದ. ಬೋರ್ಡ್ ತೋರ್ಸಿದ. ನನ್ನ ಮೊಮ್ಮಗಳು ಓದಿ ಹೇಳಿದ್ಳು, ಬೀಡಿ, ತಂಬಾಕ ಒಳಗ ತರಬಾರ್ದು ಅಂತ. ತಿರುಗಿ ಬಂದ್ವಿ."

ನಾನು ಚಿಕ್ಕೋಡಿಯಲ್ಲಿದ್ದ ದಿನ. "ಅದು ಸೇದುವವರಿಗೆ ಹಾಕಿದ್ದು ಮಾವಶಿ" ಎಂದೆ.

"ನಮಗೇನ ಗೊತ್ರಿ. ನಮ್ಮ ಕೈ ವಾಸನಿ ದೊಡ್ಡ ಮಂದಿಗೆ ಆಗಂಗಿಲ್ಲ, ಅದಕ್ಕ ಹಾಕ್ಯಾರ ಅಂದ್ಕೊಂಡ್ವಿ. ತೊಳದ್ರೂ ಹೋಗಂಗಿಲ್ಲ ನೋಡ್ರಿ ಇದು." ಕೈಯನ್ನು ಒಮ್ಮೆ ಮೂಗಿನ ಹತ್ತಿರ ತಂದು ನಕ್ಕಳು. ಅದರಲ್ಲಿ ದೂರೇನೂ ಇರಲಿಲ್ಲ. ಅದೇ ನನಗೆ ಚುಚ್ಚಿತು. ಬೀಡಿ ಕಟ್ಟಿ ಬದುಕುವ ಓಣಿಯ ಎದುರು, ತಂಬಾಕು ತರಬೇಡಿ ಎಂದು ಬರೆಸಿದ ಬುದ್ಧಿವಂತೆ ನಾನು. ನಾನು ಮನೆ ಮನೆಗೆ ಹೋಗಿ ಕರೆದಾಗಲೂ ಅವರು ಅದನ್ನು ನನ್ನ ಮುಖಕ್ಕೆ ಹೇಳಲಿಲ್ಲ. ನನಗೆ ಬೇಸರವಾಗಬಾರದೆಂದು ಬರುತ್ತೇವೆ ಎಂದಿದ್ದರು.

ನೇರ ಪಾರ್ಕಿಗೆ ಬಂದು ಮಾಲಿಯ ಮೇಲೆ ಹರಿಹಾಯ್ದೆ. ಅವನು ಪೈಪು ಸುತ್ತುತ್ತಿದ್ದ.

"ನೀವ ಹೇಳಿದ್ರಲ್ರಿ, ತಂಬಾಕ ತಂದವ್ರು ಯಾರ ಇರ್ಲಿ, ಒಳಗ ಬಿಡಬ್ಯಾಡ ಅಂತ."

"ಐದು ತಿಂಗಳಿಂದ ಒಬ್ಬಳೇ ಕೂತಿದ್ದೀನಿ. ಒಂದು ಮಾತು ಹೇಳಬಾರದಿತ್ತಾ?"

"ನೀವು ಕೇಳಲಿಲ್ರಿ" ಎಂದ. "ಕುರಿ ನಿಲ್ಲಿಸಾಕ ಬರಬ್ಯಾಡ ಅಂದಾಗ ನಾನೂ ಹಿಂಗ ತಿರುಗಿ ಹೋಗಿದ್ದೆ. ಯಾರ ಕೇಳ್ತಾರ್ರಿ ಅದನ್ನ" ಎಂದು ಪೈಪು ಹೆಗಲಿಗೇರಿಸಿಕೊಂಡು ಹೋದ.

ಮರುದಿನ ಮುಖ್ಯಾಧಿಕಾರಿಯ ಬಳಿ ಹೋದೆ. ಅವರು ಎಲ್ಲ ಕೇಳಿ, "ಖರೇ ಐತ್ರಿ. ಆದ್ರ ತಂಬಾಕ ಒಳಗ ಬಿಡ್ರಿ ಅಂತ ನಾ ಬರದ್ ಕೊಡಾಂವ ಅಲ್ಲ. ಹುಡುಗ್ರು ಆಡೂ ಜಾಗಾ ಅದು. ಪುಡಿ ಹಾರ್ತೈತಿ, ಕೂಸುಗಳ ಎದಿಗೆ ಹೋಗ್ತೈತಿ" ಎಂದರು. ಅವರ ಮಾತು ತಪ್ಪಾಗಿರಲಿಲ್ಲ. ಓಣಿಯಲ್ಲಿ ಅರ್ಧ ಗಂಟೆ ಕುಳಿತದ್ದಕ್ಕೇ ನನಗೆ ರಾತ್ರಿಯೆಲ್ಲ ಗಂಟಲು ಕೆರೆದಿತ್ತು.

ಮತ್ತೆ ಓಣಿಗೆ ಹೋದೆ. ಈ ಸಲ ಕರಪತ್ರ ಇರಲಿಲ್ಲ. ಎರಡು ಸಂಜೆ ಸುಮ್ಮನೆ ಕುಳಿತು ಕೆಲಸ ನೋಡಿದೆ. ಬೀಡಿಯ ಕೆಲಸ ಒಂದೇ ಅಲ್ಲ ಎಂಬುದು ಆಗ ತಿಳಿಯಿತು. ಎಲೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಬೇಕು, ಅಳತೆಯ ತಗಡನ್ನು ಅದರ ಮೇಲಿಟ್ಟು ಕತ್ತರಿಯಿಂದ ಕತ್ತರಿಸಬೇಕು, ಕತ್ತರಿಸಿದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ತಂಬಾಕು ಬರುವುದು ಆಮೇಲೆ. ಕತ್ತರಿಸುವುದಕ್ಕೇ ದಿನದ ಎಷ್ಟೋ ಹೊತ್ತು ಹಿಡಿಯುತ್ತಿತ್ತು. ನಾನು ಮಾವಶಿಗೆ, "ಕಟ್ಟುವುದನ್ನು ಬೆಳಿಗ್ಗೆ ಮನೆಯಲ್ಲಿ ಮುಗಿಸಿ, ನಾಳೆಯ ಎಲೆಯನ್ನು ಸಂಜೆ ಪಾರ್ಕಿನಲ್ಲಿ ಕತ್ತರಿಸಬಹುದಲ್ಲ? ತಂಬಾಕು ಮನೆಯಲ್ಲೇ ಇರಲಿ" ಎಂದೆ.

ಹೆಂಗಸರು ಮರಾಠಿಯಲ್ಲಿ ಮಾತಾಡಿಕೊಂಡರು. ನನ್ನ ಕಡೆ ನೋಡಿ ಮತ್ತೆ ಮಾತಾಡಿದರು. ಮಾವಶಿ, "ಮಾಡಬಹುದ್ರಿ. ಆದ್ರ ಆ ಬೆಂಚಿನ ಮ್ಯಾಲ ಕುಂದ್ರಾಕ ಆಗಂಗಿಲ್ಲ. ಕಾಲ ಜೋತಾಡಿದ್ರ ಮೊರ ಎಲ್ಲಿ ಇಡೂನು?" ಎಂದಳು.

ನನ್ನ ನಿರ್ಧಾರ ಅಲ್ಲಿಯೇ ಆಯಿತು. ಕೆಲಸ ಬಿಟ್ಟು ಬನ್ನಿ, ಬಂದು ಆಡಿ ಎಂದು ನಾನು ಐದು ತಿಂಗಳು ಕರೆದಿದ್ದೆ. ಬಿಡಲಾಗದವರನ್ನು ಹಾಗೆ ಕರೆದರೆ ಬರುವುದು ಹೇಗೆ? ಯೋಗ, ಏರೋಬಿಕ್ಸ್ ಎಲ್ಲವನ್ನೂ ಕಾರ್ಯಕ್ರಮದ ಪಟ್ಟಿಯಿಂದ ಹೊಡೆದುಹಾಕಿದೆ. ಮುಖ್ಯಾಧಿಕಾರಿಯನ್ನು ಒಪ್ಪಿಸಿ, ದೊಡ್ಡ ಬೇವಿನ ಕೆಳಗಿನ ನಾಲ್ಕು ಬೆಂಚು ಕೀಳಿಸಿ, ಅಲ್ಲಿ ಒಂದೂವರೆ ಅಡಿ ಎತ್ತರದ, ಚಕ್ಕಳಮಕ್ಕಳ ಹಾಕಿ ಎರಡು ಸಾಲು ಕೂರಬಹುದಾದಷ್ಟು ಅಗಲದ ಕಟ್ಟೆ ಕಟ್ಟಿಸಿದೆ. ಎಲೆ ನೆನೆಸಲು ಪಕ್ಕದಲ್ಲೇ ನಳ, ಕತ್ತರಿಸಿದ ಚೂರು ಹಾಕಲು ಒಂದು ಗುಂಡಿ. ಜೋಕಾಲಿಯನ್ನು ಮೂಲೆಯಿಂದ ಕಿತ್ತು ಕಟ್ಟೆಯಿಂದ ಕಾಣುವ ಹಾಗೆ ಹಾಕಿಸಿದೆ. ಬೋರ್ಡಿನ ಆ ಸಾಲನ್ನು ಅಳಿಸಿ, ಇಲ್ಲಿ ಬೀಡಿ ಸಿಗರೇಟು ಸೇದಬಾರದು ಎಂದು ನಾನೇ ಬರೆದೆ. ಬರೆದದ್ದು ಸೊಟ್ಟಗಾಯಿತು, ಇರಲಿ ಎಂದುಕೊಂಡೆ.

ಮೊದಲ ಸಂಜೆ ಮೂವರು ಬಂದರು. ಒಂದು ವಾರದಲ್ಲಿ ಕಟ್ಟೆ ತುಂಬಿತು. ತಾಯಂದಿರು ಕಣ್ಣಳತೆಯಲ್ಲಿದ್ದರೆ ಮಕ್ಕಳಿಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ. ಹಗ್ಗಗಳ ಚೀಲವನ್ನು ಅವೇ ಬಿಚ್ಚಿದವು. ಬಂಗಲೆಯ ಒಬ್ಬರು ಪಾರ್ಕನ್ನು ಕಾರ್ಖಾನೆ ಮಾಡಿದ್ದೀರಿ, ಕಸವಾಗುತ್ತದೆ ಎಂದು ಅರ್ಜಿ ಕೊಟ್ಟರು. ಮಾಲಿ ದಿನಾ ಏಳಕ್ಕೆ ಚೂರೆಲ್ಲ ಗುಡಿಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತಿದ್ದ. ಕಸ ತೋರಿಸಿ ಎಂದು ನಾನು ಅವರನ್ನೇ ಕರೆದೆ, ಅವರು ಬರಲಿಲ್ಲ.

ಒಂದು ದಿನ ಮಾವಶಿ ನನ್ನ ಕೈಗೂ ಒಂದು ಕತ್ತರಿ ಕೊಟ್ಟಳು. ನಾನು ಕತ್ತರಿಸಿದ ಎಲೆಗಳನ್ನು ಅವಳು ನನಗೆ ಕಾಣದ ಹಾಗೆ ಬೇರೆ ಇಟ್ಟು, ಅಂಚು ಸರಿಮಾಡಿ ತನ್ನ ರಾಶಿಗೆ ಸೇರಿಸುತ್ತಿದ್ದಳು. ನಾನು ನೋಡಿದೆ, ನೋಡದವಳ ಹಾಗೆ ಕತ್ತರಿ ಕೆಳಗಿಟ್ಟೆ. ಮರುದಿನದಿಂದ ಮತ್ತೆ ಗೇಟಿನ ಬೆಂಚಿನಲ್ಲೇ ಕುಳಿತು ಹೆಸರು ಬರೆದುಕೊಳ್ಳತೊಡಗಿದೆ. ಪಾರ್ಕು ತುಂಬಿತ್ತು, ಮರಾಠಿ ತುಂಬಿತ್ತು. ಅವರು ನಕ್ಕಾಗ ಯಾಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ಇಷ್ಟು ದಿನ ಬೇಡಿಕೊಂಡದ್ದು ಸಿಕ್ಕ ಮೇಲೂ ಎದೆಯೊಳಗಿನ ಖಾಲಿ ಹಾಗೇ ಇರುತ್ತದೆಂದು ನಾನು ಎಣಿಸಿರಲಿಲ್ಲ.

ತಿಂಗಳ ಕೊನೆಯಲ್ಲಿ ಕಮಿಟಿಯವರು ಬಂದರು. ಐದು ಜನ, ಜೊತೆಗೆ ಮುಖ್ಯಾಧಿಕಾರಿ. ಕಟ್ಟೆಯ ಮುಂದೆ ನಿಂತರು. ಮಳಿಗೆಯ ಪರವಾಗಿದ್ದ ಹಿರಿಯ ಸದಸ್ಯರು ಪುಸ್ತಕ ತಿರುವಿ, ನನ್ನನ್ನು ಕೇಳದೆ ಹೆಂಗಸರನ್ನೇ ಕೇಳಿದರು.

"ಇದನ್ನ ಮನ್ಯಾಗ ಕುಂತ ಮಾಡಬಹುದಲ್ಲೇನ್ರವಾ? ಈ ಬಾಯಾರು ಕರಸ್ಯಾರಂತ ಬಂದೀರೋ, ಖರೇನ ಬೇಕಂತ ಬಂದೀರೋ?"

ಕತ್ತರಿಗಳ ಸದ್ದು ನಿಂತಿತು. ಸಾಹೇಬರ ಮುಂದೆ ಅವರು ಮಾತಾಡುವವರಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ಆಗ ಮಾವಶಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಸುಳ್ಳ ಯಾಕ್ ಹೇಳೂನ್ರಿ ಸಾಹೇಬ್ರ. ಈ ಸಲ ಬೇಕಂತ ಬಂದಿದ್ದಿಲ್ಲ. ಓಣ್ಯಾಗ ನೆಳ್ಳ ಐತಿ, ಮಾತಾಡಾಕ ಮಂದಿ ಅದಾರ. ಈ ಬಾಯಾರು ದಿನಾ ಒಬ್ಬರ ಬಂದು ಇಲ್ಲಿ ಕುಂದರ್ತಿದ್ರು. ಸಂಜಿಕ ಬಟ್ಟಿ ತಗಿಯಾಕ ಮಾಳಿಗಿ ಮ್ಯಾಲ ಹೋದ್ರ ಕಾಣ್ತಿದ್ರು. ಯಾರೂ ಇಲ್ಲ, ಎಂತಾದೂ ಇಲ್ಲ, ಪುಸ್ತಕ ತಿರುವ್ಯಾಡ್ಕೋತ ಕುಂತಿರ್ತಿದ್ರು. ಅದನ್ನ ನೋಡಾಕ ಆಗ್ತಿದ್ದಿಲ್ರಿ ನಮಗ. ಹೋಗಿ ಕುಂದ್ರೂನು, ಒಂದ್ ನಾಕ್ ದಿನ, ಪಾಪ ಅಂತ ಬಂದ್ವಿ." ಅವಳು ಜೋಕಾಲಿಯ ಕಡೆ ಕೈ ತೋರಿಸಿದಳು. "ಈಗ ಹುಡುಗ್ರು ಬಿಡವಲ್ವು. ನಾಲ್ಕ ಹೊಡಿಯೂದ್ರಾಗ ಸೆರಗ ಹಿಡದ ಜಗ್ತಾವು. ಇನ್ನ ಕಿತ್ತ ಹಾಕಿದ್ರ ಅವಕ್ಕ ನೀವ ಹೇಳ್ರಿ, ನಾವು ಹೇಳೂದಿಲ್ಲ."

ಒಬ್ಬ ಸದಸ್ಯರು ನಕ್ಕರು. ಹಿರಿಯ ಸದಸ್ಯರು ಜೋಕಾಲಿಯ ಮುಂದೆ ಸರತಿ ನಿಂತ ಮಕ್ಕಳನ್ನು ಸ್ವಲ್ಪ ಹೊತ್ತು ನೋಡಿ, ಪುಸ್ತಕವನ್ನು ಮುಖ್ಯಾಧಿಕಾರಿಯ ಕೈಗಿಟ್ಟು, "ಇರ್ಲಿ ಬಿಡ್ರಿ, ಮಳಿಗಿ ಬ್ಯಾರೆ ಕಡೆ ನೋಡೂನು" ಎಂದರು. ಅವರು ಗೇಟಿನತ್ತ ಹೊರಟಾಗ ಮುಖ್ಯಾಧಿಕಾರಿ ನನ್ನ ಕಡೆ ತಿರುಗಿ ತಲೆಯಾಡಿಸಿದರು.

ನಾನು ಸಂತೋಷಪಡಬೇಕಿತ್ತು. ಆದರೆ ಮುಖ ಸುಡುತ್ತಿತ್ತು. ಐದು ತಿಂಗಳು ನಾನು ಅವರಿಗಾಗಿ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನ್ನನ್ನು ನೋಡುತ್ತಿದ್ದರು. ನನ್ನ ಒಂಟಿತನ ಇಡೀ ಓಣಿಗೆ ಗೊತ್ತಿತ್ತು, ಮನೆ ಮನೆಯ ಮಾತಾಗಿತ್ತು. ನಳದ ಹತ್ತಿರ ಹೋಗಿ ಸುಮ್ಮನೆ ಕೈ ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ.

ಮಾವಶಿ ಕಟ್ಟೆಯಿಂದಲೇ ಕೂಗಿದಳು, "ಸಿಟ್ಟಿಗೆದ್ರೇನ್ರಿ ಬಾಯಾರ?"

"ಇಲ್ಲ ಮಾವಶಿ."

"ಮತ್ತ ಅಷ್ಟ ದೂರ ಯಾಕ ನಿಂತೀರಿ? ಬರ್ರಿ."

ಪಕ್ಕದವಳು ಮೊರ ಎತ್ತಿಕೊಂಡು ಸರಿದಳು. ನಾನು ಹೋಗಿ ಆ ಜಾಗದಲ್ಲಿ ಕಾಲು ಮಡಿಚಿ ಕುಳಿತೆ. ಅವರು ಮರಾಠಿಯಲ್ಲಿ ಮಾತು ಮುಂದುವರಿಸಿದರು. ನಡುವೆ ಒಮ್ಮೆ ನನ್ನ ಹೆಸರು ಬಂತು, ಎಲ್ಲರೂ ನಕ್ಕರು. ಯಾಕೆ ಎಂದು ತಿಳಿಯದಿದ್ದರೂ ನಾನೂ ನಕ್ಕೆ, ಮತ್ತು ಏಳು ಹೊಡೆದ ಮೇಲೂ ಎದ್ದು ಹೋಗಿ ಗೇಟು ಹಾಕಬೇಕೆಂದು ಅನಿಸಲಿಲ್ಲ.